ಕಂಬಳಿ ಹೊದ್ದ ಮೋಟಾರು

ಎರಡನೇ ಮಹಾಯುದ್ಧಕ್ಕೆ ಮುಂಚೆ ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೈನ್ಸ್ ಮೇಷ್ಟ್ರೊಬ್ಬರಿದ್ದರು. ತಾವೇ ಜೋಡಿಸಿದ ರೇಡಿಯೋದಿಂದ ದೂರದೂರಿನವರಿಗೆ ಸಂದೇಶ ಕಳಿಸುವುದು ಅವರ ಹುಚ್ಚು. ಅದಕ್ಕೆ ವಿದ್ಯುತ್ ಕೊಡುವ ಡೈನಮೋ ತಿರುಗಿಸುವ ಪುಟ್ಟ ಮೋಟಾರು ಗುಯ್ಯೆಂದಾಗಲೆಲ್ಲ ನನ್ನ ಎಳೆಗೂಸು ಬೆಚ್ಚಿ ಅಳುತ್ತಿತ್ತು.

"ಮೇಷ್ಟ್ರೇ, ಕೂಸು ನಿದ್ದೇನೇ ಮಾಡಾಕಿಲ್ಲ ಕಣ್ರೀ!" ಎಂದು ನಮ್ಮತ್ತೆ ಒಂದು ದಿನ ಗೋಡೆಯ ಈಚೆಯಿಂದ ಕೂಗಿದರು.

ಯಾರು ಏನೇ ಕೇಳಿದರೂ "ಒಂದ್ಗಳಿಗೆ ತಡೀರಿ" ಎನ್ನುವ ಮೇಷ್ಟ್ರು ಅಂದು ತಕ್ಷಣ ಮೋಟಾರು ನಿಲ್ಲಿಸಿದರು. ಆಮೇಲೆ ಅದರಡಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನಿಟ್ಟು, ತಾವು ಹೊದೆಯುವ ಕಂಬಳಿಯನ್ನೇ ಕತ್ತರಿಸಿ ಒಳಮೈಗೆ ಬಡಿದ ಮರದ ಪೆಟ್ಟಿಗೆಯನ್ನು ಮೇಲೆ ಮುಚ್ಚಿದರು.

ಕೆಲಸ ಮುಗಿದ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು, "ಅಮ್ಮಾ, ಮೋಟಾರು ಓಡ್ತಾ ಇದೆ. ಕೇಳ್ಸುತ್ತಾ?" ಎಂದು ಪಿಸುಗುಟ್ಟಿದರು.

ಕೂಸು ಮಲಗಿಯೇ ಇತ್ತು. ಅತ್ತೆ ಕೈಸನ್ನೆಯಲ್ಲೇ ಅವರನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಮೇಷ್ಟ್ರು ಗುಟುಕಿನ ಸದ್ದೂ ಕೇಳದಂತೆ ಕುಡಿದರು.