ಬಾಣಂತಿ ಕೋಣೆಯ ಊದಿನಕಡ್ಡಿ

ಗುಲ್ಜಾರಬಿ ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ವ್ಯಾಪಾರಿಗಳಿಗೆ ಊದಿನಕಡ್ಡಿ ಹೊಸೆದು ಕೊಟ್ಟವಳು. ಸೆಂಟು ಅವರೇ ಹಾಕಿಕೊಳ್ಳುತ್ತಿದ್ದರು, ಇವಳದು ಬರೀ ವಾಸನೆಯಿಲ್ಲದ ಕರಿ ಕಡ್ಡಿ. ಈ ಸಲ ತವರಿನಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ ಲೋಬಾನ, ಗಂಧದ ಪುಡಿ, ಜೇನು ಕಲಸಿ ತನಗಾಗಿಯೇ ದಪ್ಪ ಕಡ್ಡಿಗಳ ಒಂದು ಕಟ್ಟು ಹೊಸೆದಿದ್ದಳು.

ಕಡ್ಡಿಯ ಗುಣ ನೋಡಲು ಅಪ್ಪನದೊಂದು ರೀತಿ ಇತ್ತು. ಮುಚ್ಚಿದ ಕೋಣೆಯಲ್ಲಿ ಹಚ್ಚಿ ಹೊರಗೆ ಬರಬೇಕು. ಮತ್ತೆ ಬಾಗಿಲು ತೆರೆದರೆ ವಾಸನೆ ಹೊಸ್ತಿಲಲ್ಲೇ ಎದುರಾಗಬೇಕು. ಕೈ ತೊಳೆದರೂ ಬೆರಳಿನಿಂದ ಹೋಗಬಾರದು.

ಮನೆಯಲ್ಲಿ ಗಾಳಿಯಾಡದ ಕೋಣೆ ಒಂದೇ, ಮಗಳು ರುಕ್ಸಾನಾಳ ಬಾಣಂತಿ ಕೋಣೆ. ಥಂಡಿ ಬರಬಾರದೆಂದು ಗುಲ್ಜಾರಬಿಯೇ ಕಿಟಕಿಯ ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ದಿನಾ ಎರೆದ ಮೇಲೆ ಅದಕ್ಕೆ ಲೋಬಾನದ ಹೊಗೆ ಹಿಡಿಯುತ್ತಿದ್ದರು. ಒಂದು ಕಡ್ಡಿಗೆ ಏನಾದೀತು ಎಂದು ಹಚ್ಚಿ, ಬಾಗಿಲು ಎಳೆದುಕೊಂಡು, ಮಗಳಿಗೆ ನೀರು ಹಾಕಲು ಬಚ್ಚಲಿಗೆ ಹೋದಳು.

"ಅಮ್ಮೀ, ಕೂಸು ಕೆಮ್ಮಿತೇನ?"

"ಇಲ್ಲವಾ, ಮಲಗೇತಿ."

ಎರಡನೆಯ ಸಲ ಕೇಳಿಸಿದ್ದು ಕೆಮ್ಮಿನಂತಿರಲಿಲ್ಲ. ಚಂಬು ಬಿಟ್ಟು ಓಡಿದಳು. ಬಾಗಿಲು ತೆರೆದಾಗ ವಾಸನೆ ಹೊಸ್ತಿಲಲ್ಲೇ ಎದುರಾಯಿತು. ಹೊಗೆಯೊಳಗೆ ತೊಟ್ಟಿಲು ಮಸುಕಾಗಿ ಕಂಡಿತು. ಕೂಸಿನ ತುಟಿ ನೀಲಿಯಾಗಿ, ಎದೆ ಒಳಕ್ಕೆ ಸೇದಿಕೊಳ್ಳುತ್ತಿತ್ತು.

ಪಕ್ಕದ ಮನೆಯ ಅಯಾಜ ಆಟೋ ತಂದ. ಅಜ್ಜಿಯ ಎದೆಗೆ ಒರಗಿದಷ್ಟೂ ಕೂಸು ಹೆಚ್ಚು ಕೆಮ್ಮಿತು. ಒದ್ದೆ ತಲೆಯ ರುಕ್ಸಾನಾ ಕೂಸನ್ನು ಕಸಿದುಕೊಂಡಳು.

"ನೀ ಮುಂದ ಕೂಡು. ನಿನ್ನ ಸೀರಿ ತುಂಬ ಅದs ವಾಸ್ನಿ."

ಗುಲ್ಜಾರಬಿ ಅಯಾಜನ ಪಕ್ಕ ಮುದುಡಿ ಕೂತಳು. ಹಿಂದೆ ನೋಡುವ ಧೈರ್ಯವಾಗಲಿಲ್ಲ.

"ಅಳಾಕತ್ತೇತಿ ಅಂದ್ರ ಉಸರೈತಿ, ಹೆದರಬ್ಯಾಡ್ರಿ ಖಾಲಾ," ಎಂದ ಅಯಾಜ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಳು ನಿಂತಿತು.

"ಉಸರಾಡಾಕತ್ತೇತೇನವಾ?"

ಹಿಂದಿನಿಂದ ಮಗಳು ಕೂಸಿನ ಬೆನ್ನು ತಟ್ಟುವ ಸದ್ದಷ್ಟೇ ಕೇಳಿಸಿತು. ಅಯಾಜ ಹಾರ್ನ್ ಒತ್ತುತ್ತಲೇ ಹೋದ.

ಸತ್ತೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಸಂಜೆಗೆ ರುಕ್ಸಾನಾ ಹೊರಗೆ ಬಂದಳು. ಅತ್ತು ಕಣ್ಣು ಬಾತಿದ್ದವು.

"ಹಾಲು ಕುಡೀತು. ಬಾ ಅಮ್ಮೀ, ಎತಗೊಳ್ಳುವಂತಿ."

ಗುಲ್ಜಾರಬಿ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಕೈ ತಿಕ್ಕಿದಳು. ಬೆರಳು ಮೂಸಿ ನೋಡಿ ಮತ್ತೆ ತಿಕ್ಕಿದಳು. ವಾಸನೆ ಹೋಗಿರಲಿಲ್ಲ. ಅಪ್ಪನ ರೀತಿಯಲ್ಲಿ ನೋಡಿದರೆ ಕಡ್ಡಿ ಖರೇನೇ ಚೆನ್ನಾಗಿತ್ತು.

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲಿನ ಗಾಜಿನಾಚೆ ನಿಂತು, ಆ ಪುಟ್ಟ ಎದೆ ಏರಿ ಇಳಿಯುವುದನ್ನೇ ನೋಡಿದಳು. ಒಳಗೆ ಹೋಗಲಿಲ್ಲ.