ತಟ್ಟಿಯ ಈಚೆ ನರಸಮ್ಮನ ಹಕ್ಕಿಗಳು

ನಂದಿದುರ್ಗ ಗಣಿಯ ಬೆಳಗಿನ ಪಾಳಿಯ ಸೈರನ್, ಇಲ್ಲಿಯವರ ಬಾಯಲ್ಲಿ ಸಂಗು, ಕೂಗುವುದಕ್ಕೆ ಇನ್ನೂ ಹೊತ್ತಿದೆ. ಕಾರ್ಮಿಕರ ಲೈನಿನ ಕೊನೆಯ ಸಾಲು, ತಗಡಿನ ಮಾಡಿನ ಪುಟ್ಟ ಮನೆ. ಅದರ ಹಿತ್ತಿಲಲ್ಲಿ ನರಸಮ್ಮ ದೊಡ್ಡ ಗೂಡಿನ ಮೇಲೆ ಹೊದಿಸಿದ ಗೋಣಿತಾಟನ್ನು ಸರಿಸುತ್ತಿದ್ದಾರೆ. ಒಮ್ಮೆಗೇ ಎಳೆಯುವುದಿಲ್ಲ. ಒಂದು ಮೂಲೆ ಎತ್ತಿ, ಒಂದಿಷ್ಟು ಹೊತ್ತು ಸುಮ್ಮನಿದ್ದು, ಮತ್ತೊಂದು ಮೂಲೆ ಎತ್ತುತ್ತಾರೆ. ಒಳಗೆ ಹಸಿರು ಹಕ್ಕಿಯೊಂದು ಒಂದು ರೆಕ್ಕೆ, ಒಂದು ಕಾಲು ಒಟ್ಟಿಗೆ ಚಾಚಿ ಮೈ ಮುರಿಯುತ್ತದೆ. ಪಕ್ಕದ್ದು ಕಣ್ಣು ಬಿಡುತ್ತದೆ. ನೋಡನೋಡುತ್ತಿದ್ದಂತೆ ಗೂಡು ತುಂಬ ಕಿಚಪಿಚ.

"ನಿದ್ದೆಗಣ್ಣಾಗೆ ಪಟ್ ಅಂತ ಬೆಳಕು ಬಿದ್ರೆ ಬೆದರ್ತವೆ. ನಮ್ಮನ್ನಾದ್ರೂ ಅಂಗೆ ಎಬ್ಬಿಸಿದ್ರೆ ಸುಮ್ಕಿರ್ತೀವಾ?" ಎನ್ನುತ್ತಾ ಅವರು ಕಾಳಿನ ತಟ್ಟೆ ಈಚೆಗೆ ತೆಗೆದು ಬಾಯಿಂದ ಊದುತ್ತಾರೆ. ನವಣೆಯ ಸಿಪ್ಪೆ ಹಾರಿಹೋಗುತ್ತದೆ. ತುಂಬಿದಂತೆ ಕಾಣುತ್ತಿದ್ದ ತಟ್ಟೆಯ ತಳದಲ್ಲಿ ಉಳಿದಿರುವುದು ನಾಲ್ಕು ಕಾಳು. ಹೊಸದಾಗಿ ಸಾಕುವವರು ಎಡವುವುದು ಇಲ್ಲೇ ಎಂಬುದು ಅವರ ಮಾತು. ಸಿಪ್ಪೆಯನ್ನೇ ಕಾಳೆಂದು ನಂಬಿ ಸುಮ್ಮನಾಗುತ್ತಾರೆ, ಹಕ್ಕಿಗಳು ತುಂಬಿದ ತಟ್ಟೆಯ ಮುಂದೆ ಉಪವಾಸ ಬೀಳುತ್ತವೆ.

ಪುಸ್ತಕದಲ್ಲಿ ಇವುಗಳ ಹೆಸರು ಬಡ್ಜಿ. ಊರವರ ಬಾಯಲ್ಲಿ ಲವ್‌ಬರ್ಡ್ಸ್. ನರಸಮ್ಮನಿಗೆ ಮಾತ್ರ ತವರಿನ ತೆಲುಗಿನಂತೆ ಇವು ಪಿಟ್ಟಗಳು. ಇಪ್ಪತ್ತು ಜೋಡಿಗೆ ಕಡಿಮೆಯಿಲ್ಲದ ಈ ಸಂಸಾರಕ್ಕೆ ದಿನಕ್ಕೆ ಅರ್ಧ ಸೇರಿನಷ್ಟು ನವಣೆ ಬೇಕು. ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಕೊಕ್ಕು ತಿಕ್ಕಲು ಸಮುದ್ರದ ನೊರೆ ಎಂದು ಮಾರುವ ಮೀನೆಲುಬಿನ ಬಿಳಿ ಬಿಲ್ಲೆ, ಎರಡು ಸಲ ಹೊಸ ನೀರು. ಗಾಳಿಯ ದಿನ, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬದಿಂದ ಬೂದಿ ಬಣ್ಣದ ಧೂಳು ಲೈನಿನ ಮೇಲೆ ಸುರಿಯುವಾಗ ಗೂಡಿನ ಸುತ್ತ ಒದ್ದೆ ಗೋಣಿ ಕಟ್ಟಬೇಕು. ಐವತ್ತು ದಾಟಿದ ನರಸಮ್ಮ ಹದಿನಾರು ವರ್ಷಗಳಿಂದ ಇದನ್ನು ಒಂದು ದಿನವೂ ಬಿಡದೆ ಮಾಡಿಕೊಂಡು ಬಂದಿದ್ದಾರೆ. ಕೋಲಾರ ಚಿನ್ನದ ಗಣಿಯಿಂದ ಬಂಗಾರಪೇಟೆಯವರೆಗೆ ಎಷ್ಟೋ ಮನೆಗಳ ಜಗಲಿಯಲ್ಲಿ ಕೂಗುವ ಹಕ್ಕಿಗಳು, ಮೊಟ್ಟೆಯಿಡಲೆಂದು ಇವರು ಗೂಡಿನೊಳಗೆ ಕಟ್ಟಿದ ಮಣ್ಣಿನ ಗಡಿಗೆಗಳಲ್ಲಿ ಕಣ್ಣು ಬಿಟ್ಟವು. ಕೊಂಡವರಲ್ಲಿ ಅನೇಕರಿಗೆ ಇವರ ಹೆಸರೂ ತಿಳಿಯದು.

ಹಾಗೆ ನೋಡಿದರೆ ನರಸಮ್ಮನಿಗೆ ಈ ಹಕ್ಕಿಗಳೆಂದರೆ ಆಗುತ್ತಿರಲಿಲ್ಲ. ಅವರು ಕ್ಯಾಸಂಬಳ್ಳಿ ಕಡೆಯ ರೈತರ ಮನೆಯ ಮಗಳು. ಎಮ್ಮೆ, ನಾಟಿಕೋಳಿ, ರಾಗಿ ಹೊಲದ ನಡುವೆ ಬೆಳೆದವರು. ಗಣಿಯ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸಕ್ಕಿದ್ದ ಮುನಿನಾರಾಯಣಪ್ಪನವರ ಕೈ ಹಿಡಿದು ಈ ಲೈನಿಗೆ ಬಂದಾಗ ಪಕ್ಕದ ಮನೆಯಲ್ಲಿ ಕುಪ್ಪುಸ್ವಾಮಿ ಇದ್ದರು. ಗಣಿಯ ಆಳದಲ್ಲಿ ಬಂಡೆ ಕೊರೆಯುವ ಕೆಲಸ ಅವರದು. ಮೇಲೆ ಬಂದು ಮೈ ತೊಳೆದರೆ ಉಳಿದ ಹೊತ್ತೆಲ್ಲ ಲವ್‌ಬರ್ಡ್ಸ್.

ಎಪ್ಪತ್ತರ ದಶಕದ ಆ ದಿನಗಳನ್ನು ನೆನೆದರೆ ಮುನಿನಾರಾಯಣಪ್ಪನವರ ಮುಖ ಈಗಲೂ ಅರಳುತ್ತದೆ. ಆಗ ಲೈನಿನ ಮನೆಮನೆಯಲ್ಲೂ ಒಂದಲ್ಲ ಒಂದು ಗೂಡು ತೂಗುತ್ತಿತ್ತಂತೆ. ಭಾನುವಾರ ಫುಟ್‌ಬಾಲ್ ಮೈದಾನದ ಬೇಲಿಯ ಪಕ್ಕ ಹಕ್ಕಿ ಸಾಕುವವರೆಲ್ಲ ಸೇರುತ್ತಿದ್ದರು. ಸೈಕಲ್ ಹ್ಯಾಂಡಲ್ಲಿಗೆ ಗೂಡು ನೇತುಹಾಕಿಕೊಂಡು ಬಂದು, ಒಬ್ಬರ ಹಸಿರಿಗೆ ಇನ್ನೊಬ್ಬರ ನೀಲಿ ಬದಲಾಯಿಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಬೀದಿ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು, ರೇಡಿಯೋದ ತಮಿಳು ಹಾಡು, ಯಾರದೋ ಮನೆಯ ಮೀನಿನ ಸಾರಿನ ವಾಸನೆ, ಇವೆಲ್ಲದರ ನಡುವೆ ಹಕ್ಕಿಗಳ ಗಲಾಟೆ. ಪಾಳಿ ಮುಗಿಸಿ ಬಂದವರು ಆ ಗಲಾಟೆಯಲ್ಲೇ ನಿದ್ದೆ ಹೋಗುತ್ತಿದ್ದರು.

ನರಸಮ್ಮನಿಗೆ ಮಾತ್ರ ಅದು ಹಿಡಿಸಲಿಲ್ಲ. "ಆಲು ಕೊಡಾಕಿಲ್ಲ, ಮೊಟ್ಟೆ ತಿನ್ನಾಕಿಲ್ಲ. ಇಂತಾವನ್ನ ಯಾಕ್ ಸಾಕ್ತಾರೋ ಅಂತಿದ್ದೆ," ಎಂದು ಈಗ ನಗುತ್ತಾರೆ. ಒಂದು ಬೇಸಿಗೆ ಕುಪ್ಪುಸ್ವಾಮಿಯವರ ಗೂಡಿನ ಸಿಪ್ಪೆ ಗಾಳಿಗೆ ಹಾರಿ, ಇವರು ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಕೂತಿತು. ಕುಪ್ಪುಸ್ವಾಮಿಯವರ ಹೆಂಡತಿ ಅಂಜಲೈ ಜೊತೆ ಮಾತಿಗೆ ಮಾತು ಬೆಳೆಯಿತು. ಇವರು ತೆಲುಗಿನಲ್ಲಿ ಬೈದರು, ಆಕೆ ತಮಿಳಿನಲ್ಲಿ. ಎರಡು ಮನೆಗಳ ನಡುವೆ ಇದ್ದದ್ದು ಬಿದಿರು ತಟ್ಟಿಗೆ ಮಣ್ಣು ಮೆತ್ತಿ ಸುಣ್ಣ ಬಳಿದ ತೆಳು ಗೋಡೆ. ಆ ಕಡೆ ಸೌಟು ಬಿದ್ದರೆ ಈ ಕಡೆ ಕೇಳಿಸುತ್ತಿತ್ತು. ಆದರೂ ಇಬ್ಬರು ಹೆಂಗಸರು ಎರಡು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕುಪ್ಪುಸ್ವಾಮಿಯವರ ಎದೆ ಕೈಕೊಟ್ಟಿತು. ವರ್ಷಾನುಗಟ್ಟಲೆ ಕುಡಿದ ಬಂಡೆಯ ಧೂಳು ಶ್ವಾಸಕೋಶದಲ್ಲಿ ಮನೆ ಮಾಡಿತ್ತು. ಆಸ್ಪತ್ರೆಯ ಡಾಕ್ಟರು, ಇನ್ನು ಹಕ್ಕಿಯ ಪುಕ್ಕದ ಧೂಳೂ ಸೋಕಕೂಡದು, ಗೂಡು ಮನೆಯಲ್ಲಿ ಇರಲೇಬಾರದು ಎಂದರು. ಮಾರನೆಯ ದಿನ ಅಂಜಲೈ ನರಸಮ್ಮನ ಬಾಗಿಲಿಗೆ ಬಂದು ನಿಂತರು. ಎರಡು ವರ್ಷದ ಮೌನದ ಮೇಲೆ ಆಕೆ ಆಡಿದ್ದು ಇಷ್ಟೇ: "ಒಂದು ವಾರ ಇಟ್ಕೋ. ಅವರು ಆಸ್ಪತ್ರೆಯಿಂದ ಬಂದಾಗ ಸದ್ದೇ ಇಲ್ಲ ಅಂದ್ರೆ ತಾಳಲ್ಲ."

ನರಸಮ್ಮ ಒಲ್ಲೆ ಎನ್ನಲಾರದೆ ಒಪ್ಪಿದರು. ಮುನಿನಾರಾಯಣಪ್ಪ ಗೂಡನ್ನು ಎತ್ತಿ ತಂದು ತಮ್ಮ ಹಿತ್ತಿಲಲ್ಲಿ, ಅಲ್ಲಿಯವರೆಗೂ ಚಾಚಿದ್ದ ಅದೇ ತಟ್ಟಿಗೋಡೆಗೆ ಒರಗಿಸಿ ನಿಲ್ಲಿಸಿದರು. ತಟ್ಟಿಯ ಮೇಲಿನ ಸಂದುಗಳಿಗೆ ಅಂಜಲೈ ತಮ್ಮ ಕಡೆಯಿಂದ ಗೋಣಿಚೀಲ ತುರುಕಿದರು. ಧೂಳು ದಾಟಬಾರದು, ದನಿ ದಾಟಬೇಕು ಎಂಬುದು ಆಕೆಯ ಲೆಕ್ಕ.

ಜಾಗ ಬದಲಾದದ್ದಕ್ಕೆ ಹಕ್ಕಿಗಳು ರೊಚ್ಚಿಗೆದ್ದವು. ಮೊಟ್ಟೆಗಳನ್ನು ಗಡಿಗೆಯಿಂದ ಆಚೆ ತಳ್ಳಿದವು. ಹೆಣ್ಣುಗಳು ಒಂದರ ಪುಕ್ಕ ಒಂದು ಕಿತ್ತವು. ತಾನೇನೋ ತಪ್ಪು ಮಾಡಿದೆನೆಂದು ನರಸಮ್ಮ ಒಡೆದ ಮೊಟ್ಟೆ ಬಳಿಯುತ್ತಾ ಕೂತಿದ್ದಾಗ ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಕುಪ್ಪುಸ್ವಾಮಿ ಹಿಂದಿನ ಸಂಜೆಯಷ್ಟೇ ಮನೆಗೆ ಬಂದು, ಗೋಡೆಯ ಪಕ್ಕ ಮಂಚ ಹಾಕಿಸಿಕೊಂಡು ಮಲಗಿದ್ದರು.

"ತಂಗಚ್ಚಿ, ಗಡಿಗೆ ಎಲ್ಲಾ ಒಂದೇ ಎತ್ತರಕ್ಕೆ ಕಟ್ಟು," ಎಂದಿತು ಆ ದನಿ. "ಒಂದು ಮೇಲಿದೆ. ಎಲ್ಲಾ ಹೆಣ್ಣಿಗೂ ಅದೇ ಬೇಕು ಅಂತ ಜಗಳ."

ನರಸಮ್ಮ ತಲೆ ಎತ್ತಿ ನೋಡಿದರು. ಒಂದು ಗಡಿಗೆ ನಿಜಕ್ಕೂ ಗೇಣುದ್ದ ಮೇಲಿತ್ತು. ಇಳಿಸಿ ಕಟ್ಟಿದರು. ಸಂಜೆಯ ಹೊತ್ತಿಗೆ ಗೂಡು ತಣ್ಣಗಾಯಿತು. "ಕಣ್ಣಿಗೆ ಕಾಣ್ದೆ, ಬರೀ ಕಿವಿನಾಗೆ ಕೇಳಿ ಏಳಿದ್ರಲ್ಲ ಅಂತ ನಂಗೆ ಮೈ ಜುಮ್ ಅಂತು," ಎನ್ನುತ್ತಾರೆ ಅವರು. ಒಂದು ವಾರದ ಮಾತು ಅಲ್ಲಿಗೆ ಮರೆತುಹೋಯಿತು.

ಎಂಟು ವರ್ಷ ಹೀಗೆಯೇ ನಡೆಯಿತು. ಮೂಗಿನ ಮೇಲೆ ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು. ಗಡಿಗೆಯನ್ನು ಬೂದಿಕೋಟೆ ಕುಂಬಾರರಿಂದಲೇ ತರಬೇಕು, ತೂತು ಪಕ್ಕದಲ್ಲಿರಬೇಕು. ಮೊಟ್ಟೆ ಹೊರಬರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡ ಹೆಣ್ಣಿಗೆ ಬಿಸಿ ಬಟ್ಟೆಯ ಕಾವು, ಒಂದು ಹನಿ ಹರಳೆಣ್ಣೆ. ಒಂದೊಂದನ್ನೂ ನರಸಮ್ಮ ಗೋಡೆಯ ಈಚೆ ನಿಂತು ಕಲಿತರು. ಕುಪ್ಪುಸ್ವಾಮಿ ಈ ಕಡೆಗೆ ಬರುವಂತಿರಲಿಲ್ಲ. ಅಂಜಲೈ ಅಷ್ಟು ಕಟ್ಟುನಿಟ್ಟು. ಹಾಗಾಗಿ ಆ ಎಂಟು ವರ್ಷಗಳಲ್ಲಿ ಹುಟ್ಟಿದ ಒಂದು ಮರಿಯನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಪುಕ್ಕ ಮೂಡಿದ ಕೂಡಲೇ ಬಣ್ಣ ಕೇಳುವರು. ನರಸಮ್ಮ ತನಗೆ ತಿಳಿದಂತೆ ಹೇಳುವರು. ಎಳೇ ಬೆಂಡೆಕಾಯಿ ಹಸಿರು. ಬಟ್ಟೆಗೆ ಹಾಕುವ ನೀಲಿ. ಕತ್ತಿನ ಹತ್ತಿರ ಹುಚ್ಚೆಳ್ಳು ಹೂವಿನ ಹಳದಿ. ಕುಪ್ಪುಸ್ವಾಮಿ ಆ ಕಡೆಯಿಂದ, ಸರಿ, ಕಂಡೆ ಎನ್ನುತ್ತಿದ್ದರಂತೆ.

ಕುಪ್ಪುಸ್ವಾಮಿ ಬಹಳ ಹಚ್ಚಿಕೊಂಡ ನೀಲಿ ಹೆಣ್ಣೊಂದಿತ್ತು. ಒಂದು ಮಳೆಗಾಲ, ಅವರು ಜ್ವರದ ಮಂಪರಿನಲ್ಲಿದ್ದಾಗಲೇ ಅದಕ್ಕೆ ಮೊಟ್ಟೆ ಸಿಕ್ಕಿಕೊಂಡಿತು. ನರಸಮ್ಮ ಯಾರನ್ನೂ ಕೇಳದೆ ಕಲಿತದ್ದನ್ನೆಲ್ಲ ಮಾಡಿದರು. ಹಕ್ಕಿ ಅವರ ಸೆರಗಿನ ಬಿಸಿಯಲ್ಲೇ ಹೋಯಿತು. ಈ ಸ್ಥಿತಿಯಲ್ಲಿ ಹೇಗೆ ಹೇಳುವುದೆಂದು ತೋಚದೆ ಸುಮ್ಮನಿದ್ದರು. ಜ್ವರ ಬಿಟ್ಟ ಬೆಳಗ್ಗೆ ಗೋಡೆಯಾಚೆಯ ದನಿ ಮೆಲ್ಲಗೆ ಕೇಳಿತು: "ನೀಲಿ ಮಾತಾಡ್ತಿಲ್ಲ. ಎಲ್ಲಿ ಹೂತೆ, ತಂಗಚ್ಚಿ?"

"ನುಗ್ಗೆ ಮರದ ಬುಡದಾಗೆ, ಅಣ್ಣ," ಎಂದರು ನರಸಮ್ಮ.

"ಒಳ್ಳೇದು. ಅವಳ ಗಂಡನ್ನ ಒಂಟಿ ಬಿಡಬೇಡ, ಮಂಕಾಗ್ತಾನೆ. ಎಳೇ ಹೆಣ್ಣು ನೋಡಿ ಜೊತೆ ಮಾಡು."

ಎಂಬತ್ತೇಳರ ಮಾಗಿಯಲ್ಲಿ ಕುಪ್ಪುಸ್ವಾಮಿ ತೀರಿಕೊಂಡರು. ಲೈನಿನ ಹಿರಿಯರು, ಸಾವಿನ ಮನೆಯ ಪಕ್ಕ ಈ ಕಿರುಚಾಟ ಏನು ಚೆನ್ನ, ಗೂಡಿಗೆ ಗೋಣಿ ಹೊದಿಸಿ ಎಂದರು. ನರಸಮ್ಮ ಗೋಣಿ ಕೈಗೆತ್ತಿಕೊಂಡಿದ್ದರು. ಅಂಜಲೈ ಎದ್ದು ಬಂದು ತಡೆದರು. ಹೊರಡುವವರೆಗೂ ಅವರು ಕೇಳಿಸಿಕೊಳ್ಳಲಿ ಎಂದರು.

ಆಮೇಲೆ ನರಸಮ್ಮನಿಗೆ ಹಕ್ಕಿಗಳು ಭಾರವಾದವು. ಕೇಳಿಸಿಕೊಳ್ಳುವವರಿಲ್ಲ, ಹೇಳಿಕೊಡುವವರಿಲ್ಲ. ಯಾರಿಗಾಗಿ ಸಾಕಬೇಕು? ಬಂಗಾರಪೇಟೆಯ ವ್ಯಾಪಾರಿಯೊಬ್ಬನಿಗೆ ಎಲ್ಲವನ್ನೂ ಒಯ್ಯಲು ಹೇಳಿಕಳಿಸಿದರು. ಅವನು ಬರಬೇಕಿದ್ದ ದಿನ ಬೆಳಗ್ಗೆ ಒಂದು ಗಡಿಗೆಯಲ್ಲಿ ತಾಯಿಹಕ್ಕಿ ಸತ್ತು ಬಿದ್ದಿತ್ತು. ಒಳಗೆ ಕಣ್ಣು ಬಿಡದ ಮರಿಗಳು ಬಾಯಿ ತೆರೆದುಕೊಂಡಿದ್ದವು. ನರಸಮ್ಮ ಗಾಬರಿಯಲ್ಲಿ, ಎಂಟು ವರ್ಷದ ರೂಢಿಯಂತೆ, ಗೋಡೆಯ ಕಡೆ ತಿರುಗಿ ಕೇಳಿಯೇಬಿಟ್ಟರು: "ತಾಯಿ ಸತ್ತೋಗೈತೆ. ಮರಿಗಳ್ನ ಏನ್ ಮಾಡ್ಲಿ?"

ಕೇಳಿದ ಮೇಲೆ ನೆನಪಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತರು. ಆಗ ಗೋಡೆಯ ಆಚೆಯಿಂದ ಉತ್ತರ ಬಂತು.

"ಅದೇ ವಯಸ್ಸಿನ ಮರಿ ಬೇರೆ ಗಡಿಗೇಲಿದ್ರೆ ಅಲ್ಲಿಡು. ಅವಕ್ಕೆ ಎಣಿಸೋಕೆ ಬರಲ್ಲ. ತನ್ನವೇ ಅಂತ ಸಾಕ್ತವೆ."

ಅಂಜಲೈಯ ದನಿ. ಗಂಡನ ಮಂಚದ ಪಕ್ಕ ಗಂಜಿ ಕಲಸುತ್ತಾ, ಬೆನ್ನು ತಿಕ್ಕುತ್ತಾ, ಆಕೆ ಎಂಟು ವರ್ಷ ಆ ಪಾಠವನ್ನೆಲ್ಲ ಕೇಳಿದ್ದರು. ಹಕ್ಕಿಯ ವಿಷಯದಲ್ಲಿ ಒಂದು ದಿನವೂ ತುಟಿ ಬಿಚ್ಚಿದವರಲ್ಲ. ನರಸಮ್ಮ ಮರಿಗಳನ್ನು ಪಕ್ಕದ ಗಡಿಗೆಗೆ ಇಳಿಸಿದರು. ಅಲ್ಲಿನ ತಾಯಿ ಒಮ್ಮೆ ತಲೆ ಓರೆ ಮಾಡಿ ನೋಡಿ ತುತ್ತು ಕೊಡತೊಡಗಿತು. ಅಷ್ಟರಲ್ಲಿ ಅಂಜಲೈ ಹಿತ್ತಿಲ ಬಾಗಿಲಿಂದ ಈ ಕಡೆಗೇ ಬಂದಿದ್ದರು. ಇಬ್ಬರೂ ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡಿದರು. ಮಧ್ಯಾಹ್ನ ಬಂದ ವ್ಯಾಪಾರಿ ಬರಿಗೈಲಿ ಹೋದ.

ಅಂದಿನಿಂದ ಇದು ಇಬ್ಬರ ಕೆಲಸ. ಅಂಜಲೈಗೆ ಈಗ ಮಂಡಿನೋವು, ಓಡಾಟ ಆಗದು. ನವಣೆ ಕೇರುವುದು, ಗಡಿಗೆ ತೊಳೆಯುವುದು ಅವರ ಪಾಲು. ಬಿದಿರು ಬುಟ್ಟಿಗೆ ಬಟ್ಟೆ ಕಟ್ಟಿಕೊಂಡು ಪ್ಯಾಸೆಂಜರ್ ರೈಲು ಹತ್ತಿ ಬಂಗಾರಪೇಟೆಗೆ ಹೋಗುವುದು ನರಸಮ್ಮನ ಪಾಲು. ಲೈನು ಮೊದಲಿನಂತಿಲ್ಲ. ಗಣಿಯ ಕೆಲಸ ಇಳಿಯುತ್ತಾ ಬಂದಂತೆ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದೆ. ಮೈದಾನದ ಬೇಲಿಯ ಪಕ್ಕ ಭಾನುವಾರ ಯಾರೂ ಸೇರುವುದಿಲ್ಲ. ಇಡೀ ಸಾಲಿನಲ್ಲಿ ಹಕ್ಕಿಯ ಸದ್ದು ಉಳಿದಿರುವುದು ಈ ಒಂದು ಹಿತ್ತಿಲಲ್ಲಿ.

ದಾವಣಗೆರೆ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಓಂಕಾರಪ್ಪ ಬಂಗಾರಪೇಟೆಯಲ್ಲಿ ಮನೆ ಮಾಡಿದ್ದಾರೆ. ಮಗಳಿಗೆಂದು ಇವರಿಂದ ಒಂದು ಜೋಡಿ ಕೊಂಡಿದ್ದರು. ತಿಂಗಳಾದ ಮೇಲೆ ಒಂದು ಬೆಳಗ್ಗೆ ಬುಟ್ಟಿ ಹಿಡಿದ ಹೆಂಗಸು ಬಾಗಿಲಲ್ಲಿ ನಿಂತಿದ್ದನ್ನು ಅವರು ನೆನೆಯುತ್ತಾರೆ. "ಬಾಕಿ ಏನಾರ ಐತೇನೋ ಅಂದ್ಕಂಡೆ. ಆಯಮ್ಮ ಸೀದಾ ಒಳಗೆ ಬಂದು ಅಡುಗೆಮನೆ ಹೊಗೇಲಿದ್ದ ಗೂಡನ್ನ ತಗಂಡು ಜಗಲಿಗೆ ಕಟ್ಟಿ, ನೀರೂ ಕುಡೀದೆ ಹೋದ್ರು ನೋಡ್ರಿ." ಎರಡು ದಿನದಲ್ಲಿ ಹಕ್ಕಿಗಳು ಮತ್ತೆ ಕೂಗಿದವಂತೆ.

ಈ ಮಾತನ್ನು ನರಸಮ್ಮನ ಮುಂದಿಟ್ಟರೆ ಅವರಿಗೆ ನಾಚಿಕೆ. ಬುಟ್ಟಿಗೆ ಬಟ್ಟೆ ಬಿಗಿಯುತ್ತಾ, ಅದರಲ್ಲೇನಿದೆ ದೊಡ್ಡದು ಎಂಬಂತೆ ತಲೆಯಾಡಿಸುತ್ತಾರೆ. ಸಂಗು ಕೂಗುತ್ತದೆ. ರೈಲಿಗೆ ಹೊತ್ತಾಯಿತೆಂದು ಅಂಜಲೈ ಅವಸರ ಮಾಡುತ್ತಾರೆ. ಬುಟ್ಟಿ ಸೊಂಟಕ್ಕೇರಿಸಿಕೊಂಡ ಮೇಲೆ ನರಸಮ್ಮ ಹೇಳುತ್ತಾರೆ:

"ಪೇಟೆನಾಗೆ ಓಗೋವಾಗ ಕೊಂಡೋರ ಮನೆ ಮುಂದೇನೇ ಓಗ್ತೀನಿ. ಪಿಟ್ಟಗಳು ಕೂಗ್ತಿದ್ರೆ ನನ್ನ ಪಾಡಿಗೆ ನಾನು ಬತ್ತೀನಿ, ನಾನು ಬಂದಿದ್ದೂ ಅವ್ರಿಗೆ ಗೊತ್ತಾಗಲ್ಲ. ಕೂಗ್ಲಿಲ್ಲ ಅಂದ್ರೆ ಮಾತ್ರ ಬಾಗ್ಲು ತಟ್ತೀನಿ."