ಎಣಿಸದ ಹಿಂಗಾಲು

ಬೆಳಿಗ್ಗೆ ರಾಗಿ ಹಿಟ್ಟು ಜರಡಿ ಹಿಡಿದೆ, ನಲ್ಲಿ ನೀರು ತುಂಬಿದೆ, ಹುರುಳಿಕಾಳು ನೆನೆಹಾಕಿದೆ. ಅಕ್ಕನ ಮೊಮ್ಮಗುವಿಗೆ ನೀರೆರೆದು, ತಲೆ ಆರಿಸಲು ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಹೊಗೆ ಎದ್ದಿತು... ಕೈ ತಾನಾಗಿ ಇಕ್ಕಳಕ್ಕೆ ಹೋಯಿತು.

ಆಗ ನಾನು ಕೊಳ್ಳೇಗಾಲದಲ್ಲಿ ಒಂಬತ್ತನೇ ಕ್ಲಾಸು. ನಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಜೇನುಬಣ್ಣದ ಪುಟ್ಟ ಗಟ್ಟಿಯೊಂದಿತ್ತು. ಎಷ್ಟೋ ಲಕ್ಷ ವರ್ಷದ ಹಿಂದೆ ಮರದಿಂದ ಒಸರಿದ ಅಂಟು ಕಲ್ಲಾದದ್ದು. ಒಳಗೆ ಅಕ್ಕಿಕಾಳಿನಷ್ಟು ಜೀರುಂಡೆ. ನಮ್ಮದು ಮಗ್ಗದ ಮನೆ. ಎಳೆ ಎಣಿಸುವ ಮಸೂರವಿತ್ತು, ನನಗೆ ಸೀರೆಯಂಚಿನ ಚಿತ್ರ ಬರೆದು ಅಭ್ಯಾಸವಿತ್ತು. ಅದಕ್ಕೇ ಮೇಷ್ಟ್ರು ಅದನ್ನು ನನ್ನ ಕೈಗಿಟ್ಟರು.

"ಮೈಸೂರಿನ ಉಳದ ಪಂಡಿತರಿಗೆ ಚಿತ್ರ ಕಳಿಸ್ಬೇಕು ಕಣವ್ವ. ಹಿಂಗಾಲಿನ ಪಾದದಲ್ಲಿ ನಾಕು ಗಿಣ್ಣಿದ್ರೆ ಒಂದು ವಂಶ, ಐದಿದ್ರೆ ಇನ್ನೊಂದು. ಕಾಣ್ದೇ ಇರೋದ ಬರೀಬ್ಯಾಡ."

ಮೀಸೆಯ ಹನ್ನೊಂದು ಗಿಣ್ಣು, ಬೆನ್ನ ಚಿಪ್ಪಿನ ಗೀರು, ಮುಂಗಾಲಿನ ಐದು ಗಿಣ್ಣು ಬರೆದು, ಹಿಂಗಾಲು ಬಾಕಿಯಿಟ್ಟು ಊಟಕ್ಕೆ ಎದ್ದೆ. ಬರುವಷ್ಟರಲ್ಲಿ ಮನೆಯೆಲ್ಲ ಹೊಗೆ. ಅಜ್ಜಿ ಬಾಣಂತಿ ಅಕ್ಕನ ಕೂದಲಿಗೆ ಹೊಗೆ ಹಿಡಿಯುತ್ತಿದ್ದರು. ಹಾಳೆಯ ಮೇಲೆ ಗಟ್ಟಿ ಇರಲಿಲ್ಲ.

"ಉಳ ಬಿದ್ದ ಸಾಂಬ್ರಾಣಿ ಕೊಟ್ಟವ್ನಲ್ಲ ಅಂಗ್ಡಿಯವ್ನು ಅಂತ ಬೈಕಂಡೇ ಆಕ್ದೆ ಕಣವ್ವ" ಎಂದರು ಅಜ್ಜಿ.

ಇಕ್ಕಳದಲ್ಲಿ ಕೆದಕಿದೆ. ಕಪ್ಪು ನೊರೆ, ಅಷ್ಟೇ.

ಮಾರನೆಯ ದಿನ ಸುಟ್ಟದ್ದನ್ನು ಹೇಳಿದೆ. ಮೇಷ್ಟ್ರು ಚಿತ್ರ ತೆಗೆದುಕೊಂಡು ಹಿಂಗಾಲಿನ ಮೇಲೆ ಬೆರಳಿಟ್ಟರು. ಹಿಂಗಾಲಿಗೂ ನಾನು ಐದು ಗಿಣ್ಣು ಬರೆದಿದ್ದೆ. ಅರ್ಧ ಚಿತ್ರ ಒಯ್ಯಲು ಧೈರ್ಯ ಬರಲಿಲ್ಲ.

"ಇದ ಎಣಿಸಿದ್ದಾ?"

"ಊ ಸಾ. ಸುಡೋಕ್ ಮುಂಚೆನೇ."

"ಓಗ್ಲಿ ಬುಡು. ನಿನ್ನ ಕಣ್ಣು ನೋಡ್ಯದಲ್ಲ, ಸಾಕು."

ಮೈಸೂರಿನಿಂದ ಉತ್ತರ ಬಂತು. ಹಿಂಗಾಲಿನ ಆಧಾರದ ಮೇಲೆ ವಂಶದ ಹೆಸರೂ ಬಂತು. ಮೇಷ್ಟ್ರು ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಆಮೇಲೆ ಪೋಸ್ಟಿನವರು ಶಾಲೆಯ ಗೇಟು ದಾಟಿದಾಗಲೆಲ್ಲ, ನನ್ನ ಸುಳ್ಳು ಬಯಲಾಗುವ ಕಾಗದ ಬಂತೆಂದೇ ಅಂದುಕೊಳ್ಳುತ್ತಿದ್ದೆ. ಮೇಷ್ಟ್ರಿಗೆ ಯಳಂದೂರಿಗೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ ಅಲ್ಲಿನ ಬಸ್‌ಸ್ಟಾಂಡಿನಲ್ಲಿ ಅವರನ್ನು ಕಂಡವಳು ಕಬ್ಬಿನಹಾಲಿನ ಗಾಡಿಯ ಹಿಂದೆ ಅವಿತುಕೊಂಡೆ. ಅವರು ಹುಡುಕುವವರಂತೆ ಒಮ್ಮೆ ತಿರುಗಿದರು...

ಹೋದ ವರ್ಷ ಅವರು ತೀರಿಕೊಂಡರಂತೆ. ಇನ್ನು ಯಾರ ಮುಂದೆ ಹೇಳಲಿ?

ರಾತ್ರಿ ಮುದ್ದೆ, ಹುರುಳಿಸಾರು. ಉಣ್ಣುತ್ತಾ ಅಕ್ಕನಿಗೆ ಹೇಳಿಬಿಟ್ಟೆ.

"ಉಳದ ಕಾಲ್ಗೆ ಇಷ್ಟು ವರ್ಷ ಎದ್ರುಕಂಡಿದ್ದಾ, ಅಮ್ಮಿ?" ಎಂದು ನಕ್ಕಳು.

ನಗುತ್ತಲೇ ಕೂಸಿನ ಪಕ್ಕ ಉರುಳಿ, ಕೂಸಿಗಿಂತ ಮೊದಲು ನಿದ್ದೆಹೋದಳು.